ಕತ್ತಿಗೊಂದು ಪೀಠ

ಕತ್ತಿ ಹಿಡಿದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಾಸನಗಳು ಅದನ್ನೇ ಹೇಳುತ್ತವೆ, ಲಾವಣಿಗಳು ಅದನ್ನೇ ಹಾಡುತ್ತವೆ, ಮಕ್ಕಳ ಚರಿತ್ರೆಯ ಪಾಠವೂ ಅದರಿಂದಲೇ ತುಂಬಿದೆ. ಆದರೆ ಕೆಳಗಿಟ್ಟ ಮೇಲೆ ಆ ಕತ್ತಿ ಎಲ್ಲಿರುತ್ತಿತ್ತು, ಯಾವುದರ ಮೇಲೆ ಒರಗುತ್ತಿತ್ತು, ಅದನ್ನು ಇಡುವುದಕ್ಕೂ ಒಂದು ಕ್ರಮವಿತ್ತೆ ಎಂದು ಕೇಳುವವರು ವಿರಳ. ಯೋಧನ ಆಯುಷ್ಯದಲ್ಲಿ ಕತ್ತಿ ಒರೆಯಿಂದ ಹೊರಗಿರುವ ಗಳಿಗೆಗಳು ಕೆಲವೇ. ಉಳಿದ ಕಾಲವನ್ನೆಲ್ಲ ಅದು ಮನೆಯೊಳಗೆ, ಮುದುಕರು ಮಕ್ಕಳು ಓಡಾಡುವ ಜಾಗದಲ್ಲಿಯೇ ಕಳೆಯುತ್ತದೆ. ಆದುದರಿಂದ ಆಯುಧವನ್ನು ಒಂದು ಜನಸಮುದಾಯ ಹೇಗೆ ಕಂಡಿತ್ತೆಂಬುದನ್ನು ಅರಿಯಬೇಕಾದರೆ ಅದರ ಕತ್ತಿಯನ್ನು ನೋಡಿದರೆ ಸಾಲದು, ಕತ್ತಿಯ ಪೀಠವನ್ನೂ ನೋಡಬೇಕು. ಈ ವಾರದ ಅಂಕಣ ಅಂಥ ಪೀಠಗಳನ್ನು ಕುರಿತದ್ದು. ಮೊದಲು ದೂರದ ಜಪಾನಿನದು. ಆಮೇಲೆ ಸೇಲಂ, ಧರ್ಮಪುರಿ ಸೀಮೆಯ ನಮ್ಮವು.

ಜಪಾನೀಯರು ಕತ್ತಿಯ ಪೀಠವನ್ನು ‘ಕತನ-ಕಕೆ’ ಎನ್ನುತ್ತಾರೆ. ಕತ್ತಿಯನ್ನು ತೂಗಿಡುವ ಆಸರೆ ಎಂದು ಅದರ ಅರ್ಥ. ಅಗಲವಾದ ಒಂದು ಅಡಿಹಲಗೆ, ಅದರ ಎರಡು ತುದಿಗಳಲ್ಲಿ ಎರಡು ಕಂಬ, ಕಂಬಗಳಲ್ಲಿ ಕತ್ತಿ ಕೂರುವಂತೆ ಬಾಗಿಸಿ ಕಡೆದ ಕಚ್ಚುಗಳು — ಇಷ್ಟೇ ಅದರ ರಚನೆ. ಅಲ್ಲಿನ ಸಮುರಾಯಿ ಯೋಧರಿಗೆ ಒಂದು ಉದ್ದದ, ಒಂದು ಗಿಡ್ಡದ ಕತ್ತಿಯನ್ನು ಜೋಡಿಯಾಗಿ ಧರಿಸುವ ಹಕ್ಕು ಇತ್ತು. ಅದಕ್ಕೆ ತಕ್ಕಂತೆ ಪೀಠದಲ್ಲಿಯೂ ಎರಡು ಅಂತಸ್ತು. ಸಾಮಾನ್ಯರ ಮನೆಯ ಪೀಠ ಬರಿಯ ಮರದ್ದು. ದೊಡ್ಡ ಮನೆತನದ ಪೀಠ ಹಾಗಲ್ಲ. ಅದರ ಮೈ ನೀರಿನಂತೆ ಹೊಳೆಯುವ ಕಪ್ಪು ಮೆರುಗಿನದು. ಆ ಕಪ್ಪಿನ ಮೇಲೆ ಚಿನ್ನದ ಪುಡಿಯಲ್ಲಿ ಬರೆದ ಹೂಬಳ್ಳಿ, ಮನೆತನದ ಲಾಂಛನ, ಕೆಲವೆಡೆ ಮುತ್ತಿನ ಚಿಪ್ಪನ್ನು ತೆಳ್ಳಗೆ ಸೀಳಿ ಕೂರಿಸಿದ ಎಲೆ, ಹಕ್ಕಿ, ಅಲೆಗಳು. ಹಸುರು, ನಸುಗೆಂಪು, ನೀಲಿಯಾಗಿ ಆ ಚಿಪ್ಪು ಬೆಳಕು ತಿರುಗಿದಂತೆ ತಾನೂ ಬಣ್ಣ ತಿರುಗಿಸುತ್ತದೆ.

ಈ ಪೀಠದ ಮೇಲೆ ಕತ್ತಿಯನ್ನು ಇಡುವುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಒರೆಯೊಳಗಿನ ಕತ್ತಿಯ ಅಲಗು ಮೇಲ್ಮುಖವಾಗಿರಬೇಕು. ಕೆಳಮುಖವಾಗಿದ್ದರೆ ಕತ್ತಿಯ ಭಾರವೆಲ್ಲ ಅಲಗಿನ ಮೇಲೆ ಬಿದ್ದು ಒರೆಯ ಮರ ಒಳಗಿನಿಂದ ಸವೆಯುತ್ತದೆ. ಹಿಡಿ ನೋಡುವವನ ಎಡಗಡೆಗೆ ಇರಬೇಕು. ಬಲಗೈಯವನೊಬ್ಬ ಎದುರಿಗೆ ನಿಂತು ಥಟ್ಟನೆ ಕತ್ತಿ ಸೆಳೆಯಲು ಹೋದರೆ ಹಿಡಿ ಅವನ ಕೈಗೆ ನೇರವಾಗಿ ಸಿಗದು. ಆದುದರಿಂದ ಎಡಗಡೆಯ ಹಿಡಿ ಶಾಂತಿಯ ಸಂಕೇತ ಎಂದು ಅವರು ಹೇಳುತ್ತಾರೆ. ಅತಿಥಿಯಾಗಿ ಬಂದವನು ಉದ್ದದ ಕತ್ತಿಯನ್ನು ಬಾಗಿಲಲ್ಲಿಯೇ ಸೊಂಟದಿಂದ ತೆಗೆದು ಒಪ್ಪಿಸಬೇಕು. ಮನೆಯವರು ಅದನ್ನು ಗೌರವದಿಂದ ಪೀಠಕ್ಕೆ ಏರಿಸಬೇಕು. ಕಲೆಗಾರಿಕೆ ಎಷ್ಟೇ ಇರಲಿ, ಪೀಠದ ಮೂಲ ಉದ್ದೇಶ ಇದು: ಕತ್ತಿ ಕೈಗೆ ಎಟುಕುವಂತೆಯೂ ಇರಬೇಕು, ಕೈ ದುಡುಕದಂತೆಯೂ ಇರಬೇಕು.

ಇನ್ನು ಆ ಕಪ್ಪು ಮೆರುಗಿನ ವಿಚಾರ. ಅದರ ಹೆಸರು ‘ಉರುಶಿ’. ಅದು ಒಂದು ಮರದ ಹಾಲು. ಹತ್ತು ಹದಿನೈದು ವರ್ಷ ಬೆಳೆದ ಮರದ ತೊಗಟೆಯನ್ನು ಬೇಸಗೆಯುದ್ದಕ್ಕೂ ಗೀರಿ ಗೀರಿ ಸಂಗ್ರಹಿಸಿದರೆ ಒಂದು ಮರದಿಂದ ದೊರೆಯುವುದು ಸುಮಾರು 200 ಗ್ರಾಂ ಮಾತ್ರ. ಹಸಿಯಾಗಿದ್ದಾಗ ಅದು ಮೈಗೆ ತಾಗಿದರೆ ಚರ್ಮ ಕೆಂಪಾಗಿ ಗುಳ್ಳೆಯೇಳುತ್ತದೆ. ಈ ಗುಣ ನಮಗೆ ಹೊಸದಲ್ಲ. ಗೋಡಂಬಿಯ ಸಿಪ್ಪೆಯ ಎಣ್ಣೆ ತಗುಲಿ ಕೈ ಸುಲಿದುಕೊಂಡವರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಕಾಯಿಯನ್ನು ಕಂಡವರು ಇದನ್ನು ಬಲ್ಲರು. ಗೇರು, ಕರಿಗೇರು, ಮಾವು, ಜಪಾನಿನ ಆ ಮರ ಎಲ್ಲವೂ ಒಂದೇ ಸಸ್ಯಕುಟುಂಬದವು. ಉರುಶಿಯ ಇನ್ನೊಂದು ವಿಚಿತ್ರ ಗುಣವೆಂದರೆ ಅದು ಬಿಸಿಲಿನಲ್ಲಿ ಒಣಗುವುದಿಲ್ಲ. ತೇವವಾದ ಗಾಳಿಯಲ್ಲಿ ಗಟ್ಟಿಯಾಗುತ್ತದೆ. ಅದಕ್ಕಾಗಿ ಹಸಿಬಟ್ಟೆ ಹಾಸಿದ ಗೂಡಿನೊಳಗೆ ಪೀಠವನ್ನು ಇಟ್ಟು ಕಾಯಬೇಕು. ತೆಳ್ಳಗೆ ಒಂದು ಲೇಪ, ಅದು ಗಟ್ಟಿಯಾಗುವ ತನಕ ಕಾಯುವುದು, ಇದ್ದಿಲಿನಿಂದ ಉಜ್ಜುವುದು, ಮತ್ತೆ ಲೇಪ. ಒಳ್ಳೆಯ ಪೀಠವೊಂದಕ್ಕೆ ಇಂಥ ಹಲವು ಹತ್ತು ಹಂತಗಳು, ಹಲವು ತಿಂಗಳುಗಳು ಹಿಡಿಯುತ್ತವೆ. ಕೊನೆಯ ಲೇಪಗಳು ಹಸಿಯಾಗಿರುವಾಗಲೇ ಚಿನ್ನದ ಪುಡಿಯನ್ನು ಸಣ್ಣ ಕೊಳವೆಯಿಂದ ಉದುರಿಸಿ ಚಿತ್ರ ಬಿಡಿಸುವುದಕ್ಕೆ ‘ಮಕಿ-ಎ’ ಎಂದೂ, ಮುತ್ತಿನ ಚಿಪ್ಪನ್ನು ಕೂರಿಸುವುದಕ್ಕೆ ‘ರಾದೆನ್’ ಎಂದೂ ಹೆಸರು.

ಜಗತ್ತು ಈ ವಸ್ತುವನ್ನು ಕರೆಯುವ ಹೆಸರು ಮಾತ್ರ ನಮ್ಮ ಕಡೆಯದು. ಇಂಗ್ಲಿಷಿನವರು ‘ಲ್ಯಾಕರ್’ ಎನ್ನುತ್ತಾರೆ. ಆ ಮಾತು ಪೋರ್ಚುಗೀಸರ ಬಾಯಿಂದ ಹೋದದ್ದು. ಪೋರ್ಚುಗೀಸರಿಗೆ ಅದು ಸಿಕ್ಕಿದ್ದು ಭಾರತದ ‘ಲಾಖ್’ ಎಂಬ ಮಾತಿನಿಂದ. ಅದರ ಮೂಲ ಸಂಸ್ಕೃತದ ‘ಲಾಕ್ಷಾ’. ಲಾಕ್ಷಾ ಎಂದರೆ ನಮ್ಮ ಅರಗು. ಪಾಂಡವರನ್ನು ಸುಡುವುದಕ್ಕೆಂದು ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಕೇಳದ ಮಗು ನಮ್ಮಲ್ಲಿ ಇಲ್ಲ. ಆದರೆ ಅರಗು ಮರದ ಹಾಲಲ್ಲ. ಮರದ ಎಳೆಯ ಕೊಂಬೆಗಳಿಗೆ ಮುತ್ತಿಕೊಂಡು ರಸ ಹೀರುವ ಒಂದು ಸಣ್ಣ ಹುಳು ತನ್ನ ರಕ್ಷಣೆಗಾಗಿ ಮೈಸುತ್ತ ಸುರಿಸಿಕೊಳ್ಳುವ ಅಂಟು ಅದು. ನಮ್ಮ ಕಾಡುಗಳ ಜಾಲರಿ ಮರದ ಮೇಲೂ ಈ ಹುಳು ಬೆಳೆಯುತ್ತದೆ. ಉರುಶಿ ತೇವದಲ್ಲಿ ಗಟ್ಟಿಯಾದರೆ ಅರಗು ಬಿಸಿಯಲ್ಲಿ ಕರಗುತ್ತದೆ. ಇಷ್ಟು ಬೇರೆಯಾದ ಎರಡು ವಸ್ತುಗಳಿಗೆ ಯುರೋಪಿನ ವರ್ತಕರು ಒಂದೇ ಹೆಸರನ್ನು ಕಟ್ಟಿದರು. ಅವರ ವ್ಯಾಪಾರದ ಹಾದಿ ನಮ್ಮ ಕರಾವಳಿಯನ್ನು ಹಾಯ್ದು ಹೋಗುತ್ತಿತ್ತು. ಚೀನಾದಲ್ಲಿ ಮಾಡಿದ ಮೆರುಗಿನ ದೊಡ್ಡ ತಡಿಕೆಗಳು ಇಲ್ಲಿನ ಬಂದರುಗಳಲ್ಲಿ ಹಡಗು ಬದಲಿಸಿ ಹೋದುದರಿಂದ ಯುರೋಪಿನಲ್ಲಿ ಅವು ಇಂದಿಗೂ ‘ಕೋರಮಂಡಲ’ ತಡಿಕೆಗಳೆಂದೇ ಹೆಸರಾಗಿವೆ.

ಅರಗಿನ ಮೆರುಗನ್ನು ಕಣ್ಣಾರೆ ಕಾಣಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಹೊಸೂರನ್ನು ದಾಟಿ, ಬೆಂಗಳೂರಿನಿಂದ ಮೈಸೂರಿನ ಹಾದಿ ಹಿಡಿದರೆ ಚನ್ನಪಟ್ಟಣ. ಹಾಲೆ ಮರದ ತುಂಡನ್ನು ತಿರುಗಣೆಗೆ ಕೊಟ್ಟು, ಅದು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣಗಿದ ಗರಿಯನ್ನು ಒತ್ತಿ ಹಿಡಿದರೆ ಹೊಳಪು ಏಳುತ್ತದೆ. ಇನ್ನೂ ಮುಂದೆ ಹೋದರೆ ಮೈಸೂರು. ಅಲ್ಲಿ ಬೀಟೆ ಮರದ ಹಲಗೆಯನ್ನು ಚಿತ್ರದ ಗೆರೆಗೆ ತಕ್ಕಂತೆ ತೋಡಿ, ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸುವ ‘ಇನ್‌ಲೇ’ ಕೆಲಸ ನಡೆಯುತ್ತದೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ, ಹೀಗೆ ಬಣ್ಣವನ್ನು ಮರದಿಂದಲೇ ಪಡೆಯುವ ವಿದ್ಯೆ ಅದು. ಹಿಂದೆ ಬಿಳಿಗೆ ಆನೆಯ ದಂತವನ್ನು ಬಳಸುತ್ತಿದ್ದರು. ಮೈಸೂರು ಅರಮನೆಯ ಬೀಟೆಯ ಬಾಗಿಲುಗಳಲ್ಲಿ ಆ ದಂತದ ಕೆಲಸವನ್ನು ಈಗಲೂ ನೋಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು, ಕಸುಬು ನಿಲ್ಲಲಿಲ್ಲ. ಮೆರುಗೆಂದರೆ ಅರಗು, ಚಿಪ್ಪಿನ ಬದಲು ಮರ. ಒಟ್ಟಿನಲ್ಲಿ ಜಪಾನಿನ ಪೀಠವೊಂದನ್ನು ನಮ್ಮ ಸಾಮಗ್ರಿಯಲ್ಲಿ ಮಾಡಬಲ್ಲ ಎರಡು ವಿದ್ಯೆಗಳೂ ನಮ್ಮ ನೆರೆಯಲ್ಲಿಯೇ ಬದುಕಿವೆ.

ಕತ್ತಿಗೆ ಬೇಕಾದ ಉಕ್ಕಂತೂ ಇದೇ ಸೀಮೆಯದು. ಸೇಲಂ ಪಕ್ಕದ ಕಂಜಮಲೆಯ ಕಬ್ಬಿಣದ ಅದಿರು ಹಳೆಯ ಕಾಲದಿಂದಲೂ ಹೆಸರಾದದ್ದು. ಮಣ್ಣಿನ ಸಣ್ಣ ಮೂಸೆಯಲ್ಲಿ ಕಬ್ಬಿಣವನ್ನೂ ಕಟ್ಟಿಗೆ, ಎಲೆಗಳನ್ನೂ ಇಟ್ಟು ಮುಚ್ಚಿ ಕಾಯಿಸಿ ಉಕ್ಕು ಮಾಡುವ ವಿದ್ಯೆ ಸೇಲಂ, ಮೈಸೂರು ಸೀಮೆಗಳಲ್ಲಿ ಬಳಕೆಯಲ್ಲಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸ ಲಂಡನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕನ್ನು ಕುರಿತು ಪ್ರಬಂಧ ಮಂಡಿಸಿದಾಗ ಅದನ್ನು ‘ವೂಟ್ಸ್’ ಎಂದು ಕರೆದ. ಆ ಮಾತು ನಮ್ಮ ಕನ್ನಡದ ‘ಉಕ್ಕು’ ಎಂಬುದರಿಂದ ಹುಟ್ಟಿದ್ದೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಸೇಲಂನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಜೋಸಯ್ಯ ಮಾರ್ಷಲ್ ಹೀತ್ ಇದೇ ಅದಿರನ್ನು ನೆಚ್ಚಿಕೊಂಡು ಕಡಲತೀರದ ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆ ತೆರೆದ. ಇತ್ತ ಜಪಾನಿನಲ್ಲಿ 17ನೆಯ ಶತಮಾನದ ಮೊದಲಲ್ಲಿ ಎಚಿಜೆನ್ ಯಸುತ್ಸುಗು ಎಂಬ ಹೆಸರಾಂತ ಕಮ್ಮಾರ ತನ್ನ ಕತ್ತಿಗಳ ಹಿಡಿಯೊಳಗಿನ ಭಾಗದಲ್ಲಿ, ಪರದೇಶದ ಹಡಗುಗಳಲ್ಲಿ ಬಂದ ಕಬ್ಬಿಣದಿಂದ ಇದನ್ನು ಮಾಡಿದೆ ಎಂದು ಹೆಮ್ಮೆಯಿಂದ ಕೊರೆಯುತ್ತಿದ್ದ. ಹಾಗೆ ಬಂದ ಕಬ್ಬಿಣದಲ್ಲಿ ಭಾರತದ ಉಕ್ಕೂ ಇತ್ತೆಂಬುದು ಹಲವು ವಿದ್ವಾಂಸರ ಮತ.

ಉಕ್ಕಿತ್ತು, ಅರಗಿತ್ತು, ಮರದ ಕೆಲಸವಿತ್ತು. ಹಾಗಾದರೆ ನಮ್ಮ ಕತ್ತಿಗಳ ಪೀಠಗಳು ಎಲ್ಲಿ?

ಜಪಾನಿನಲ್ಲಿ ಈ ಪೀಠಗಳು ಇಷ್ಟು ಅಂದವಾದದ್ದು ಯುದ್ಧದ ಕಾಲದಲ್ಲಲ್ಲ. 1603ರಿಂದ 1868ರವರೆಗಿನ ಎದೊ ಕಾಲದಲ್ಲಿ ಆ ದೇಶ ಬಹುಮಟ್ಟಿಗೆ ಯುದ್ಧವಿಲ್ಲದೆ ಕಳೆಯಿತು. ಕತ್ತಿ ಸೊಂಟದಲ್ಲಿ ಉಳಿಯಿತು, ಆದರೆ ಅದಕ್ಕೆ ಕೆಲಸವಿರಲಿಲ್ಲ. ಕೆಲಸವಿಲ್ಲದ ಕತ್ತಿಗೆ ಗೌರವದ ಆಸನ ಬೇಕಾಯಿತು. 1876ರಲ್ಲಿ ಹೊಸ ಸರ್ಕಾರವು ಸೈನ್ಯದವರು, ಪೊಲೀಸರು ಮೊದಲಾದ ಕೆಲವರ ಹೊರತು ಬೇರಾರೂ ಕತ್ತಿ ಧರಿಸಕೂಡದೆಂದು ಆಜ್ಞೆ ಹೊರಡಿಸಿತು. ಅಂದಿನಿಂದ ಕತ್ತಿ ಸೊಂಟ ಬಿಟ್ಟು ಪೀಠದ ಮೇಲೆಯೇ ನೆಲೆಸಿತು. ಹಳೆಯ ಪೀಠಗಳು ಮನೆತನದ ಆಸ್ತಿಯಾದವು. ಎಷ್ಟೋ ಪೀಠಗಳು ಮಾರಾಟವಾಗಿ ಯುರೋಪು, ಅಮೆರಿಕಗಳ ಸಂಗ್ರಹಗಳನ್ನು ಸೇರಿದವು.

ಇದಾದ ಎರಡೇ ವರ್ಷಕ್ಕೆ, 1878ರಲ್ಲಿ, ನಮ್ಮಲ್ಲಿಯೂ ಆಯುಧ ಕಾಯಿದೆ ಬಂತು. ಅದನ್ನು ತಂದದ್ದು ಪರರ ಸರ್ಕಾರ. ತನ್ನ ಪ್ರಜೆಗಳನ್ನು ನಂಬದೆ ತಂದದ್ದು. ಬಾರಾಮಹಲ್ ಎಂದು ಹೆಸರಾಗಿದ್ದ ಈ ನಮ್ಮ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಕೈತಪ್ಪಿ ಕಂಪನಿಗೆ ಸೇರಿತ್ತು. 1799ರಲ್ಲಿ ಶ್ರೀರಂಗಪಟ್ಟಣವೂ ಬಿದ್ದಾಗ ಅಲ್ಲಿನ ಕತ್ತಿಗಳು ಗೆದ್ದವರ ಪಾಲಾದವು. ಟಿಪ್ಪು ಸುಲ್ತಾನನ ಶಯನಗೃಹದ ಕತ್ತಿಯೊಂದು 2023ರ ಮೇ ತಿಂಗಳಲ್ಲಿ ಲಂಡನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೂ ಮಿಕ್ಕಿದ ಬೆಲೆಗೆ ಹೋಯಿತು. ಕತ್ತಿಯೇ ಹೋದ ಮೇಲೆ ಅದರ ಪೀಠವನ್ನು ಯಾರು ನೆನೆದಾರು?

ಆದರೂ ಪೀಠ ಪೂರ್ತಿ ಅಳಿದಿಲ್ಲ. ಅದು ಬೇರೆ ರೂಪಗಳಲ್ಲಿದೆ. ಹುಡುಕುವ ಕಣ್ಣು ಬೇಕು.

ಮೊದಲನೆಯದು ಕಲ್ಲು. ನೊಳಂಬರ ಕನ್ನಡ ಶಾಸನಗಳನ್ನು ಕಂಡ ಧರ್ಮಪುರಿ ಸೀಮೆ ವೀರಗಲ್ಲುಗಳ ತವರು. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಂಥ ಕಲ್ಲುಗಳನ್ನು ಕಾಣಬಹುದು. ಊರ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನ ಕೈಯಲ್ಲಿ ಕಲ್ಲು ಇಂದಿಗೂ ಕತ್ತಿಯನ್ನು ಎತ್ತಿ ಹಿಡಿದಿದೆ. ಇದು ಕತ್ತಿಯನ್ನು ಕೆಳಗಿಡದ ಪೀಠ; ಸತ್ತವನ ಮಾತನ್ನು ಉಳಿಸಿಕೊಡುವ ಪೀಠ.

ಎರಡನೆಯದು ಸಿಂಹಾಸನ. ಮೈಸೂರಿನ ದಸರೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ಸಲ್ಲುವುದನ್ನು ಎಲ್ಲರೂ ಬಲ್ಲರು. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡರು. ಮುಂದಿನ ವಾರಸುದಾರರ ದತ್ತುಸ್ವೀಕಾರ ಆದದ್ದು 2015ರಲ್ಲಿ. ನಡುವಿನ 2014ರ ದಸರೆಯಲ್ಲಿ ಅರಮನೆಯ ಖಾಸಗಿ ದರ್ಬಾರಿಗೆ ಕೂರಲು ಒಡೆಯರಿರಲಿಲ್ಲ. ಆಗ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನೇ ಇಟ್ಟು ವಿಧಿಗಳನ್ನು ನಡೆಸಿದರು. ಅತ್ತಿಯ ಮರದಲ್ಲಿ ಮಾಡಿ, ದಂತದ ಫಲಕಗಳಿಂದಲೂ ಚಿನ್ನದಿಂದಲೂ ಸಿಂಗರಿಸಿದ ಆ ಆಸನ ಆ ವರ್ಷ ಅಕ್ಷರಶಃ ಕತ್ತಿಯ ಪೀಠವೇ ಆಯಿತು. ಜಪಾನಿನ ಅತಿ ಬೆಲೆಬಾಳುವ ಪೀಠವೂ ಇದರ ಮುಂದೆ ಚಿಕ್ಕದು. ಕತ್ತಿ ಅಲ್ಲಿ ಆಯುಧವಾಗಿ ಕೂತಿರಲಿಲ್ಲ, ಬಾರದ ಒಬ್ಬರ ಸ್ಥಾನವನ್ನು ಕಾಯುತ್ತ ಕೂತಿತ್ತು.

ಮೂರನೆಯದು ನಮ್ಮ ನಡುವಿನದೇ. ಸೇಲಂ ಸೀಮೆಯ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡದ ಮಾತು ಕೇಳಿಸುತ್ತದೆ. ನೇಯ್ಗೆಯ ಈ ಜನ ಶತಮಾನಗಳ ಹಿಂದೆ ಮಗ್ಗದ ಜೊತೆಗೆ ತಮ್ಮ ಭಾಷೆಯನ್ನೂ, ಮನೆದೇವತೆಯಾದ ಚೌಡೇಶ್ವರಿಯನ್ನೂ ಇಲ್ಲಿಗೆ ತಂದರು. ದೇವಿಯ ಉತ್ಸವದಲ್ಲಿ ವೀರಕುಮಾರರು ಅಲಗು ಹಿಡಿದು ಎದೆಗೂ ತೋಳಿಗೂ ತಾಗಿಸಿಕೊಳ್ಳುತ್ತ ಮೆರವಣಿಗೆಯಲ್ಲಿ ಸಾಗುವುದನ್ನು ಕಂಡವರು ಬಹಳ. ಗಾಯಕ್ಕೆ ಅರಿಸಿನದ ಭಂಡಾರ ಬಿಟ್ಟರೆ ಬೇರೆ ಮದ್ದಿಲ್ಲ. ಇದನ್ನು ನೋಡಿ ಬೆರಗಾದವರೆಲ್ಲ ಕತ್ತಿಯ ಬೀಸನ್ನೇ ನೆನಪಿಡುತ್ತಾರೆ. ಅದೇ ಉತ್ಸವದ ಇನ್ನೊಂದು ಗಳಿಗೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತ ಏಳು ಸಂಪುಟಗಳ ಗ್ರಂಥದಲ್ಲಿ ಅದರ ದಾಖಲೆಯಿದೆ. ಪೂಜಾರಿ ಉದ್ದನೆಯ ಕತ್ತಿಯೊಂದರ ಮೊನೆಯನ್ನು ಬಿಂದಿಗೆಯ ಬಾಯಿಯ ಅಂಚಿನ ಮೇಲೆ ಊರಿ, ಅದು ತಾನಾಗಿ ನೆಟ್ಟಗೆ ನಿಲ್ಲುವಂತೆ ಮಾಡಬೇಕು. ಸುತ್ತಲೂ ಅಲಗಿನವರು ಸೇವೆ ಸಲ್ಲಿಸುತ್ತಿರುತ್ತಾರೆ. ಕತ್ತಿ ನಿಂತರೆ ದೇವಿ ಒಲಿದು ಬಂದಳೆಂದು ಅರ್ಥ.

ಓದುಗರು ಈ ಚಿತ್ರವನ್ನು ಜಪಾನಿನ ಪೀಠದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕತ್ತಿ ಬೀಳದಿರಲೆಂದು ಎರಡು ಕಂಬ, ಎರಡು ಕಚ್ಚು. ಇಲ್ಲಿ ಕತ್ತಿಗೆ ಆಸರೆ ನೀರು ತುಂಬಿದ ಬಿಂದಿಗೆಯ ಅಂಚು, ಮಾತ್ರ. ಅಲ್ಲಿ ಕತ್ತಿ ಮಲಗುತ್ತದೆ. ಇಲ್ಲಿ ಕತ್ತಿ ನಿಲ್ಲುತ್ತದೆ. ಆದರೂ ಎರಡರ ತಿರುಳು ಒಂದೇ. ಕತ್ತಿ ಬೀಸುವುದಕ್ಕಿಂತ ಅದನ್ನು ಅಲುಗದಂತೆ ನಿಲ್ಲಿಸುವುದು ಕಷ್ಟ, ಅದಕ್ಕೆ ಹೆಚ್ಚಿನ ಶ್ರದ್ಧೆ ಬೇಕು ಎಂಬ ತಿಳಿವಳಿಕೆ ಎರಡು ಕಡೆಯೂ ಇದೆ.

ನಾಲ್ಕನೆಯ ಪೀಠ ಪ್ರತಿಯೊಬ್ಬರ ಮನೆಯಲ್ಲಿದೆ. ಆಯುಧಪೂಜೆಯ ದಿನ ನಾವು ಮಣೆ ಹಾಕಿ, ರಂಗೋಲಿ ಬಿಟ್ಟು, ಅದರ ಮೇಲೆ ಕುಡುಗೋಲು, ಕತ್ತರಿ, ಉಳಿ, ಸುತ್ತಿಗೆ, ಮಗ್ಗದ ಲಾಳಿಗಳನ್ನು ಇಡುತ್ತೇವೆ. ಸೇಲಂ, ಧರ್ಮಪುರಿಗಳ ಲಾರಿಯವರು ಸ್ಪ್ಯಾನರುಗಳನ್ನು ಜೋಡಿಸುತ್ತಾರೆ. ಅರಿಸಿನ ಕುಂಕುಮ ಹಚ್ಚಿ, ಪುರಿ ಕಡಲೆ ನೈವೇದ್ಯ ಮಾಡಿ, ಬೂದುಗುಂಬಳ ಒಡೆಯುತ್ತೇವೆ. ಆ ಒಂದು ದಿನ ಆ ಹತ್ಯಾರುಗಳನ್ನು ಯಾರೂ ಮುಟ್ಟಿ ಕೆಲಸ ಮಾಡಕೂಡದು. ವರ್ಷವೆಲ್ಲ ದುಡಿದ ಅಲಗಿಗೆ ಅದು ರಜಾ ದಿನ. ಮಣೆ ಅದರ ಪೀಠ.

ಮಣೆ ಎಂದೊಡನೆ ಈಳಿಗೆಮಣೆಯ ನೆನಪಾಗಬೇಕು. ಮರದ ಮಣೆಗೆ ಅಲಗನ್ನು ನೆಟ್ಟ ಈ ಸಾಧನದಲ್ಲಿ ಕೈ ಅಲಗನ್ನು ಆಡಿಸುವುದಿಲ್ಲ. ಅಲಗು ತನ್ನ ಜಾಗದಲ್ಲಿ ಸ್ಥಿರವಾಗಿರುತ್ತದೆ, ಕಾಯಿಪಲ್ಯ ಅದರ ಬಳಿಗೆ ಹೋಗುತ್ತದೆ. ಅದಕ್ಕೂ ನಮ್ಮ ಅಜ್ಜಿಯರು ಶಾಸ್ತ್ರ ಹೇಳಿದ್ದಾರೆ. ಹೆಚ್ಚಿದ ಕೂಡಲೇ ಅಲಗನ್ನು ಮಡಚಬೇಕು, ಮಡಚಲಾಗದ್ದನ್ನು ಅಡ್ಡ ಮಲಗಿಸಿ ಗೋಡೆಯ ಕಡೆಗೆ ಬಾಯಿ ಮಾಡಿ ಇಡಬೇಕು, ಯಾರೂ ಅದನ್ನು ದಾಟಬಾರದು, ಕತ್ತಿಯನ್ನೋ ಕುಡುಗೋಲನ್ನೋ ಇನ್ನೊಬ್ಬರಿಗೆ ಕೊಡುವಾಗ ಹಿಡಿಯನ್ನು ಅವರ ಕಡೆಗೆ ಮಾಡಬೇಕು. ಸಮುರಾಯಿಯ ಮನೆಯಲ್ಲಿ ಹಿಡಿ ಎಡಕ್ಕಿರಲಿ ಎಂದು ಹೇಳಿದ ಹಿರಿಯನೂ, ನಮ್ಮ ಅಡುಗೆಮನೆಯಲ್ಲಿ ಬಾಯಿ ಗೋಡೆಗಿರಲಿ ಎಂದು ಹೇಳಿದ ಅಜ್ಜಿಯೂ ಒಂದೇ ಪಾಠವನ್ನು ಹೇಳಿದವರು.

ಇಷ್ಟಿದ್ದರೂ ಎರಡರ ನಡುವೆ ಒಂದು ದೊಡ್ಡ ಅಂತರ ಉಂಟು. ಅದೇ ಈ ಬರಹಕ್ಕೆ ಕಾರಣ.

ಜಪಾನೀಯರು ತಮ್ಮ ಕ್ರಮವನ್ನು ಒಂದು ವಸ್ತುವಿಗೆ ಒಪ್ಪಿಸಿದರು. ಕ್ರಮವನ್ನು ಮರೆತವನೂ ಪೀಠವನ್ನು ನೋಡಿ ಅದನ್ನು ಮತ್ತೆ ಕಲಿಯಬಹುದು. ಕಚ್ಚಿನ ಆಕಾರವೇ ಕತ್ತಿ ಹೇಗೆ ಕೂರಬೇಕೆಂದು ಹೇಳುತ್ತದೆ. ನಾವು ನಮ್ಮ ಕ್ರಮವನ್ನು ಒಪ್ಪಿಸಿದ್ದು ಮಾಡುವ ಕೈಗೆ ಮತ್ತು ಆಡುವ ಮಾತಿಗೆ. ರಂಗೋಲಿ ಮಾರನೆಯ ದಿನ ಅಳಿಯುತ್ತದೆ. ಬಿಂದಿಗೆ ಮತ್ತೆ ನೀರು ತರುವ ಬಿಂದಿಗೆಯಾಗುತ್ತದೆ. ಮಣೆ ಊಟಕ್ಕೆ ಕೂರುವ ಮಣೆಯಾಗುತ್ತದೆ. ಮುಂದಿನ ವರ್ಷ ಮತ್ತೆ ಮಾಡುವವರು ಇದ್ದರೆ ಪೀಠ ಇದೆ, ಇಲ್ಲವಾದರೆ ಇಲ್ಲ. ಒಂದು ಮನೆ ಈ ಆಚರಣೆಯನ್ನು ಬಿಟ್ಟರೆ ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಒಯ್ಯಬಹುದಾದ ಒಂದು ಚೂರೂ ಉಳಿಯುವುದಿಲ್ಲ.

ಭಾಷೆಯ ಸ್ಥಿತಿಯೂ ಹೀಗೆಯೇ. ರಾಜ್ಯದ ಆಡಳಿತ ಭಾಷೆಗೆ ಕಚೇರಿ, ಗೆಜೆಟ್ಟು, ನಾಮಫಲಕಗಳೆಂಬ ಗಟ್ಟಿಯಾದ ಪೀಠಗಳಿವೆ. ಗಡಿಯಾಚೆ ಉಳಿದ ನಮ್ಮ ಕನ್ನಡಕ್ಕೆ ಅಂಥ ಕಂಬಗಳಿಲ್ಲ. ಅದು ನಿಂತಿರುವುದು ಬಿಂದಿಗೆಯ ಅಂಚಿನ ಮೇಲೆ: ಮನೆಯ ಮಾತಿನ ಮೇಲೆ, ಕನ್ನಡ ಶಾಲೆಯ ಒಂದೆರಡು ಕೊಠಡಿಗಳ ಮೇಲೆ. ನಿಲ್ಲುತ್ತದೆಯೆ ಎಂದು ಕೇಳುವವರಿಗೆ, ಇಷ್ಟು ಕಾಲ ನಿಂತಿದೆಯಲ್ಲ ಎಂಬುದೇ ಉತ್ತರ. ಆದರೆ ಅದು ತಾನಾಗಿ ನಿಂತದ್ದಲ್ಲ. ಪ್ರತಿ ತಲೆಮಾರಿನಲ್ಲೂ ಯಾರೋ ಅದನ್ನು ಶ್ರದ್ಧೆಯಿಂದ ನಿಲ್ಲಿಸಿದ್ದಾರೆ.

ಆದುದರಿಂದ ನಮ್ಮ ಶಾಲಾ ಮಕ್ಕಳ ತಂದೆತಾಯಿಗಳಲ್ಲಿ ಕೆಲವು ಮಾತುಗಳು.

ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ದೇವರ ಕೋಣೆಯಲ್ಲಿ ಇರುವ ಹಳೆಯ ಅಲಗಿನ ಸಾಮಾನುಗಳನ್ನೂ ಅವುಗಳನ್ನು ಇಡುವ ಗೂಟ, ಮಣೆ, ಪೆಟ್ಟಿಗೆಗಳನ್ನೂ ಗುಜರಿಗೆ ಹಾಕುವ ಮೊದಲು ಒಮ್ಮೆ ಮಕ್ಕಳಿಗೆ ತೋರಿಸಬೇಕು. ಅದರ ಹೆಸರೇನು, ಅದರ ಯಾವ ಭಾಗಕ್ಕೆ ಏನೆನ್ನುತ್ತಾರೆ, ಯಾವ ದಿನ ಅದನ್ನು ಮುಟ್ಟುವುದಿಲ್ಲ ಎಂಬುದನ್ನು ಮನೆಯ ಹಿರಿಯರಿಂದ ಹೇಳಿಸಬೇಕು. ಮಗು ಅದರ ಚಿತ್ರ ಬರೆದು, ಪಕ್ಕದಲ್ಲಿ ಆ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಲಿ. ಅದೇ ಮಾತಿಗೆ ನೆರೆಯ ತಮಿಳು ಮನೆಯವರು ಏನೆನ್ನುತ್ತಾರೆಂದು ಕೇಳಿ ಅದನ್ನೂ ಬರೆದುಕೊಳ್ಳಲಿ. ಈಳಿಗೆಮಣೆಗೆ ಅವರು ‘ಅರಿವಾಳ್‌ಮಣೈ’ ಎನ್ನುತ್ತಾರೆ. ಮಣೆ ಎರಡು ಮನೆಗಳಿಗೂ ಸಮಾನ. ಶಾಲೆಯಲ್ಲಿ ಒಂದು ತರಗತಿಯ ಮಕ್ಕಳೆಲ್ಲ ಹೀಗೆ ಬರೆದು ತಂದರೆ ಒಂದು ಊರಿನ ಪದಕೋಶವೇ ಸಿದ್ಧವಾಗುತ್ತದೆ.

ಮರದ ಹಳೆಯ ಸಾಮಾನಿನ ಮೇಲೆ ಅರಗಿನ ಮೆರುಗೋ, ಕೂರಿಸಿದ ಕೆಲಸವೋ ಇದ್ದರೆ ಅದನ್ನು ಬಿಸಿಲಿನಲ್ಲಿ ಇಡಬಾರದು, ಒದ್ದೆಬಟ್ಟೆಯಿಂದ ತಿಕ್ಕಬಾರದು, ಮೇಲೆ ಹೊಸ ವಾರ್ನಿಷ್ ಬಳಿಸಬಾರದು. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಕಳಚಿ ಬಿದ್ದ ಚೂರುಗಳನ್ನು ಎಸೆಯದೆ ಒಂದು ಕಾಗದದ ಪೊಟ್ಟಣದಲ್ಲಿ ಅದರ ಜೊತೆಗೇ ಇಡಬೇಕು; ಬಲ್ಲ ಕಸುಬುದಾರ ಅದನ್ನು ಮತ್ತೆ ಕೂರಿಸಬಲ್ಲ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ದಂತದ ಕೆಲಸವಿದ್ದರಂತೂ ಮಾರುವ ಮಾತೇ ಇಲ್ಲ. ಮನೆಬಾಗಿಲಿಗೆ ಬಂದು, ಹಳೆಯ ಮರದ ಸಾಮಾನು ಇದ್ದರೆ ಕೊಡಿ, ಹೊಸ ಪ್ಲಾಸ್ಟಿಕ್ ಕುರ್ಚಿ ಕೊಡುತ್ತೇವೆ ಎನ್ನುವವರ ಮುಂದೆ ಇದು ನೆನಪಿರಲಿ.

ಮೂರನೆಯದಾಗಿ, ಹಬ್ಬದ ದಿನ ಮಣೆ ಹಾಕುವ ಕೆಲಸವನ್ನು ಮಕ್ಕಳ ಕೈಗೆ ಕೊಡಬೇಕು. ಅಲಗು ಯಾವ ಕಡೆಗಿರಬೇಕು, ಯಾಕೆ ಎಂಬುದನ್ನು ಆಗಲೇ ಹೇಳಬೇಕು. ದೇವಾಂಗರ ಮನೆಗಳಲ್ಲಿ ಅಲಗಿನ ಸೇವೆಯ ಜೊತೆಗೆ ಕತ್ತಿ ನಿಲ್ಲಿಸುವ ವಿಧಿಯ ಅರ್ಥವನ್ನೂ ಎಳೆಯರಿಗೆ ತಿಳಿಸಬೇಕು. ನೋಡಿದ್ದನ್ನು ಮಕ್ಕಳು ತಾವಾಗಿ ಕಲಿಯುತ್ತಾರೆ. ಅರ್ಥವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ, ಅದೂ ಮನೆಯ ಭಾಷೆಯಲ್ಲಿ.

ಮಕ್ಕಳು ಹೀಗೆ ಬರೆದ ಹೆಸರುಗಳ ಪಟ್ಟಿಯನ್ನು ಶಾಲೆಯ ಅಧ್ಯಾಪಕರ ಮೂಲಕ ಪತ್ರಿಕೆಗೆ ಕಳಿಸಿಕೊಟ್ಟರೆ, ಒಂದೊಂದು ಊರಿನ ಮಾತುಗಳನ್ನು ಈ ಅಂಕಣದಲ್ಲಿಯೇ ಅಚ್ಚುಮಾಡಬಹುದು. ಅಚ್ಚಾದದ್ದು ಅಳಿಯದೆ ನಿಲ್ಲುತ್ತದೆ. ಮುಂದಿನ ಆಯುಧಪೂಜೆಗೆ ಮಣೆ ಹಾಕುವ ಕೈಗೆ ಅದರಿಂದ ಒಂದಿಷ್ಟು ಆಸರೆಯಾದೀತು.